ಸಾಯಬಣ್ಣ ಕಾಕಾನ ಕಿವಿ

ಶಿವಗಂಗಾ ಗಿಟಾರ್ ಕಲಿಯಲು ಹೋದಾಗ ಅವಳಿಗೆ ಇಪ್ಪತ್ತೊಂಬತ್ತು ತುಂಬಿತ್ತು. ನಾಸಿಕ್‌ನ ಅಂಬಡ್‌ನಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಅವಳು ಇನ್‌ಸ್ಪೆಕ್ಷನ್ ಕೆಲಸಕ್ಕಿದ್ದಳು. ದಿನವಿಡೀ ಉಕ್ಕಿನ ತುಣುಕುಗಳನ್ನು ಒಂದೊಂದಾಗಿ ಎತ್ತಿ ಅಳೆದು, ಸರಿಯಿದ್ದುದನ್ನು ಒಂದು ಟ್ರೇಗೆ, ಸರಿಯಿಲ್ಲದ್ದನ್ನು ಇನ್ನೊಂದಕ್ಕೆ ಹಾಕುವುದು. ಆರು ವರ್ಷ ಅದನ್ನೇ ಮಾಡಿದ್ದಳು. ಅವಳ ಕೆಲಸದ ಬಗ್ಗೆ ಯಾರೂ ದೂರು ಹೇಳಿದವರಿಲ್ಲ, ಹೊಗಳಿದವರೂ ಇಲ್ಲ. ಒಂದು ದಿನ ಸಂಜೆ ಕೆಲಸ ಬಿಟ್ಟು ಬರುವಾಗ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಿಂದ ಗಿಟಾರ್ ಕೇಳಿಸಿತು. ಸುಮ್ಮನೆ ಮೆಟ್ಟಿಲು ಹತ್ತಿದಳು. ಯಾಕೆ ಹತ್ತಿದೆ ಎಂದು ಮನೆಯಲ್ಲಿ ತಾಯಿ ಚನ್ನಮ್ಮ ಕೇಳಿದಾಗ ವಾರಕ್ಕೆ ಎರಡು ದಿನ ಪಾಠ ಎಂದಷ್ಟೇ ಹೇಳಿದಳು.

ಮೇಲೆ ಕೂತಿದ್ದವರು ಸಾಯಬಣ್ಣ. ಕಲಬುರಗಿ ಜಿಲ್ಲೆಯ ಅಫಜಲಪುರದ ಕಡೆಯವರು. ತಂದೆತಾಯಿ ಕಟ್ಟಡದ ಕೆಲಸಕ್ಕೆ ಬಂದಾಗ ಕಂಕುಳಲ್ಲಿ ಬಂದ ಕೂಸು, ನಾಸಿಕ್‌ನಲ್ಲೇ ಮುದುಕರಾದರು. ಹಗಲು ಮೂವತ್ತು ವರ್ಷ ಪ್ರೆಸ್ ಶಾಪ್‌ನಲ್ಲಿ ತಗಡು ಒತ್ತಿದರು, ಸಂಜೆ ಮದುವೆ ಆರ್ಕೆಸ್ಟ್ರಾಗಳಲ್ಲಿ ಲೀಡ್ ಗಿಟಾರ್ ಬಾರಿಸಿದರು. ಪ್ರೆಸ್‌ನ ಅಚ್ಚು ಬಿರುಕು ಬಿಡುವ ಮೊದಲೇ ಅವರ ಕಿವಿಗೆ ಗೊತ್ತಾಗುತ್ತಿತ್ತು ಎಂದು ಜೊತೆಯವರು ಹೇಳುತ್ತಿದ್ದರು. ತಂತಿ ಶ್ರುತಿ ಮಾಡಲು ಯಂತ್ರ ಹಿಡಿಯುವವರನ್ನು ಕಂಡರೆ ಅವರಿಗೆ ನಗು.

ಮೊದಲ ಆರು ತಿಂಗಳು ಅವರು ಶಿವಗಂಗಾಳಿಗೆ ಒಂದು ಹಾಡನ್ನೂ ಕಲಿಸಲಿಲ್ಲ. ಐದೇ ಸ್ವರದ ಸ್ಕೇಲು, ಗಿಟಾರಿನ ಕತ್ತಿನ ಮೇಲೆ ಅದು ಕೂರುವ ಐದು ಜಾಗ, ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ. ಬೆರಳ ತುದಿ ಸುಲಿದು ಗಟ್ಟಿಯಾಗುವವರೆಗೆ ಅಷ್ಟೇ. ಆಮೇಲೆ ಆರ್ಪೆಜಿಯೊ. ಒಟ್ಟಿಗೆ ಮೀಟುವ ಸ್ವರಗಳ ಗುಂಪಿಗೆ ಕಾರ್ಡ್ ಎನ್ನುತ್ತಾರೆ; ಆ ಸ್ವರಗಳನ್ನು ಒಟ್ಟಿಗೆ ಮೀಟದೆ ಒಂದರ ಹಿಂದೆ ಒಂದು ಬಿಡಿಸಿ ಬಾರಿಸುವುದು.

"ಸ್ಕೇಲ್ ಅಂದ್ರ ಓಣಿ ಇದ್ದಂಗ," ಎಂದಿದ್ದರು. "ಎಲ್ಲಿ ಬೇಕಲ್ಲಿ ತಿರುಗಾಡು, ಯಾರೂ ಏನೂ ಅನ್ನಲ್ಲ. ಆರ್ಪೆಜಿಯೊ ಅಂದ್ರ ಆ ಓಣ್ಯಾಗಿನ ನಮ್ಮವರ ಮನಿ. ಹಿಂದ ಬಾರಸೋರ ಕಾರ್ಡ್ ಬದಲಾದಾಗ ನೀ ಯಾವುದರೆ ಒಂದು ಮನಿ ಬಾಗಲಾಗ ನಿಂತಿರಬೇಕು."

ಶಿವಗಂಗಾಳಿಗೆ ಅದು ಆ ಕ್ಷಣಕ್ಕೆ ತಲೆಗೆ ಹೋಯಿತು, ಬೆರಳಿಗೆ ಹೋಗಲು ಒಂದು ವರ್ಷ ಹಿಡಿಯಿತು. ನಾಸಿಕ್‌ನಲ್ಲೇ ಹುಟ್ಟಿದ ಅವಳಿಗೆ ಕನ್ನಡ ಅರ್ಥವಾಗುತ್ತಿದ್ದಷ್ಟು ಆಡಲು ಬರುತ್ತಿರಲಿಲ್ಲ; ನಡುನಡುವೆ ಮರಾಠಿ ನುಗ್ಗುತ್ತಿತ್ತು. ಬುಧವಾರ ಶನಿವಾರ ಆ ಕೋಣೆಯಲ್ಲಿ ಕೂತು ಕೂತು ಗಿಟಾರಿನ ಜೊತೆಗೆ ಕನ್ನಡವೂ ತಿದ್ದಿಕೊಂಡಿತು. ಸಾಯಬಣ್ಣನನ್ನು ಅವಳು ಕಾಕಾ ಎನ್ನತೊಡಗಿದಳು, ಅವರ ಹೆಂಡತಿ ಕಮಲಾಬಾಯಿಯನ್ನು ಕಾಕು. ಎರಡನೇ ವರ್ಷದ ಒಂದು ಶನಿವಾರ ಅವಳು ಒಂದು ಸ್ವರವನ್ನು ಎಳೆದು ನಿಲ್ಲಿಸಿದಾಗ ಸಾಯಬಣ್ಣ ಕಣ್ಣು ಮುಚ್ಚಿ, "ನಿನ್ನ ಕಿವಿ ಛಲೋ ಅದ, ಗಂಗಾ," ಎಂದರು. ಆವತ್ತು ಅವಳು ಮನೆಗೆ ನಡೆದು ಹೋದಳು, ಆಟೋ ಹತ್ತಬೇಕೆಂದು ನೆನಪೇ ಆಗಲಿಲ್ಲ.

ಮೂರನೇ ವರ್ಷ ದೀಪಾವಳಿ ಕಳೆದ ಮೇಲೆ ಶುರುವಾಯಿತು.

ಲೀಡ್ ಬಾರಿಸುವವರು ತಂತಿಯನ್ನು ಬೆರಳಲ್ಲಿ ಮೇಲಕ್ಕೆ ತಳ್ಳಿ ಸ್ವರವನ್ನು ಏರಿಸುತ್ತಾರೆ. ಅದಕ್ಕೆ ಬೆಂಡ್ ಎನ್ನುತ್ತಾರೆ. ಎಷ್ಟು ತಳ್ಳಬೇಕು ಎಂಬುದನ್ನು ಗಿಟಾರಿನ ಕತ್ತಿನ ಮೇಲಿನ ಯಾವ ಅಡ್ಡಗೆರೆಯೂ, ಅಂದರೆ ಯಾವ ಫ್ರೆಟ್ಟೂ, ಹೇಳುವುದಿಲ್ಲ, ಕಿವಿಯೇ ಹೇಳಬೇಕು. ಶಿವಗಂಗಾ ಎತ್ತರದ ಸ್ವರದ ಮೊದಲ ತಂತಿಯನ್ನು ಹದಿನೈದನೇ ಫ್ರೆಟ್ಟಿನಲ್ಲಿ ಎಳೆದು, ಹದಿನೇಳನೆಯದರ ಸ್ವರಕ್ಕೆ ಮುಟ್ಟಿಸಿದ್ದಳು. ಸಾಯಬಣ್ಣ ಮುಖ ಕಿವುಚಿದರು.

"ಮ್ಯಾಲ ಹೋತು. ಇಳಸು."

ಅವಳು ಹದಿನೇಳನೆಯ ಫ್ರೆಟ್ಟನ್ನೇ ಬಾರಿಸಿ ತೋರಿಸಿದಳು. ಎರಡೂ ಒಂದೇ ಇದ್ದವು. ಸಾಯಬಣ್ಣ ಎರಡೂ ಮ್ಯಾಲ ಅವ ಎಂದರು. ಗಿಟಾರಿನ ಕತ್ತು ಬಾಗಿರಬೇಕು ಎಂದು ಅದನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿದರು. ಕೊನೆಗೆ ಗಿಟಾರಿನ ತಲೆಯ ಬಿರಡೆ ತಿರುವಿ ಮೊದಲ ತಂತಿಯನ್ನೂ ಎರಡನೆಯದನ್ನೂ ಒಂದಿಷ್ಟು ಸಡಿಲಿಸಿಕೊಟ್ಟರು. ಈಗ ನೋಡು ಎಂದರು. ಈಗ ಅವಳ ಕಿವಿಗೆ ಅದು ಹುಳಿ ಹುಳಿಯಾಗಿ ಕೇಳಿಸಿತು. ನನ್ನದೇ ತಪ್ಪಿರಬೇಕು ಎಂದುಕೊಂಡಳು.

ಮನೆಗೆ ಹೋಗಿ ಗಿಟಾರಿನ ತಲೆಗೆ ಸಿಕ್ಕಿಸುವ ಪುಟ್ಟ ಟ್ಯೂನರ್ ಹಾಕಿ ನೋಡಿದಳು. ಸ್ವರ ಸರಿಯಿದ್ದರೆ ಅದರಲ್ಲಿ ಹಸಿರು ದೀಪ ಹತ್ತಬೇಕು. ಕಾಕಾ ಇಳಿಸಿದ ಎರಡು ತಂತಿಗೂ ಹತ್ತಲಿಲ್ಲ. ತಂತಿ ಬಿಗಿದಳು, ಹತ್ತಿತು. ಬುಧವಾರ ಸರಿ ಮಾಡಿಕೊಂಡು ಹೋದಳು, ಕಾಕಾ ಮತ್ತೆ ಇಳಿಸಿದರು. ಮೂರು ವಾರ ಹೀಗೆ ನಡೆದ ಮೇಲೆ ಅವಳಿಗೆ ಅನುಮಾನ ಉಳಿಯಲಿಲ್ಲ. ಬರೀ ಮೇಲಿನ ಸ್ವರಗಳು, ಅವಷ್ಟೇ ಅವರಿಗೆ ಇದ್ದುದಕ್ಕಿಂತ ಎತ್ತರಕ್ಕೆ ಕೇಳಿಸುತ್ತಿದ್ದವು.

ಹೇಳಬೇಕು ಎಂದು ಎರಡು ಸಲ ಬಾಯಿ ತೆರೆದಳು. ಒಂದು ಸಲ ಕಮಲಾಬಾಯಿ ಚಹಾ ತಂದರು. ಇನ್ನೊಂದು ಸಲ ಯಾರೂ ಬರಲಿಲ್ಲ, ಆದರೂ ಅವಳು ಸ್ಕೇಲ್ ಬಾರಿಸತೊಡಗಿದಳು. ಆ ಮನುಷ್ಯನ ಹತ್ತಿರ ಇದ್ದುದಾದರೂ ಏನು? ಬೆರಳುಗಳ ಗಂಟು ಬಿಗಿದು ಅವರಿಗೆ ವೇಗವಾಗಿ ಬಾರಿಸಲು ಆಗುತ್ತಿರಲಿಲ್ಲ. ಆರ್ಕೆಸ್ಟ್ರಾ ಬಿಟ್ಟಾಗಿತ್ತು. ಈಚೆಗೆ ಯಾರ ಹಾಡು ಹಚ್ಚಿದರೂ ಬೇಸುರ್ ಅಂತಾರವ್ವಾ, ಟಿವಿನೂ ಬಂದ್ ಮಾಡಿಸ್ಯಾರ ಎಂದು ಕಮಲಾಬಾಯಿ ಅಡುಗೆಮನೆಯಲ್ಲಿ ಹೇಳಿಕೊಂಡಿದ್ದರು. ಉಳಿದಿದ್ದು ಕಿವಿಯೊಂದೇ. ಅದೂ ಹೋಗುತ್ತಿದೆ ಎಂದು ಹೇಳುವುದು ತನ್ನಿಂದ ಆಗದು ಎಂದು ಶಿವಗಂಗಾಳಿಗೆ ಅನಿಸಿತು. ಇನ್ನು ಸ್ವಲ್ಪ ದಿನ ನೋಡೋಣ, ತಾನಾಗಿ ಸರಿಹೋದೀತು ಎಂದೂ ಅನಿಸಿತು.

ಹಾಗಾಗಿ ಅವರು ಇಳಿಸು ಎಂದಾಗ ಇಳಿಸಿದಳು. ಸ್ವರ ಮುಟ್ಟುವ ಮೊದಲೇ ಬೆರಳು ನಿಲ್ಲಿಸಿದಳು. ಈಗ ಸರಿ ಆತಲ್ಲ ಎಂದು ಅವರು ಕೇಳಿದರೆ ಹೌದ್ರಿ ಕಾಕಾ ಎಂದಳು. ಗಿರಣಿಯ ಮೇಲೆ ತಪ್ಪು ಬಾರಿಸಿ, ಮನೆಗೆ ಬಂದು ಅದನ್ನೇ ಸರಿಯಾಗಿ ಬಾರಿಸುತ್ತಿದ್ದಳು. ಒಂದು ತಿಂಗಳಿಗೆ ನಿಲ್ಲುತ್ತದೆ ಎಂದುಕೊಂಡದ್ದು ಐದು ತಿಂಗಳು ನಡೆಯಿತು.

ಆ ನಡುವೆ ಸಂಭಾಜಿನಗರದಿಂದ ಕರೆ ಬಂತು. ಅಲ್ಲಿನ ವಾಳೂಜ್‌ನ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಬೀದರ್ ಕಲಬುರಗಿಯ ಮಂದಿ ಪ್ರತಿವರ್ಷ ಬಸವ ಜಯಂತಿಗೆ ಒಂದು ಕಾರ್ಯಕ್ರಮ ಮಾಡುತ್ತಿದ್ದರು. ಅದನ್ನು ನಡೆಸುತ್ತಿದ್ದ ಧರ್ಮಣ್ಣ ಸಾಯಬಣ್ಣನ ಹಳೆಯ ಜೊತೆಗಾರ, ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುತ್ತಿದ್ದವನು. ಸಾಯಬಣ್ಣ ಬಹಳ ಹಿಂದೆ ಗಿಟಾರಿಗಾಗಿಯೇ ಒಂದು ಧುನ್ ಕಟ್ಟಿದ್ದರು, ಆರು ನಿಮಿಷದ್ದು. ಕೆಳಗಿನ ತಂತಿಗಳಲ್ಲಿ ಸ್ಕೇಲಿನ ಮೇಲೆ ನಿಧಾನ ನಡೆದು, ಆರ್ಪೆಜಿಯೊ ಹಿಡಿದು ಮೇಲೇರಿ, ಕೊನೆಗೆ ಆ ಹದಿನೈದನೇ ಫ್ರೆಟ್ಟಿನ ಉದ್ದನೆಯ ಬೆಂಡ್‌ನಲ್ಲಿ ಬಂದು ನಿಲ್ಲುವಂಥದ್ದು. ಅದನ್ನು ಈ ಸಲ ಗಂಗಾ ಬಾರಿಸುತ್ತಾಳೆ ಎಂದು ಅವರು ಧರ್ಮಣ್ಣನಿಗೆ ಫೋನಿನಲ್ಲಿ ಹೇಳಿದರು. ಅವಳನ್ನು ಕೇಳಲೇ ಇಲ್ಲ. ಫೋನಿಟ್ಟು ಅವಳ ಕಡೆ ನೋಡಿದಾಗ ಅವರ ಮುಖದಲ್ಲಿದ್ದ ಖುಷಿ ಕಂಡು ಅವಳು ಇಲ್ಲ ಎನ್ನಲಿಲ್ಲ.

ಕಾರ್ಯಕ್ರಮದ ದಿನ ಬೆಳಿಗ್ಗೆ ಎಸ್.ಟಿ. ಬಸ್ಸಿಗೆ ಇಬ್ಬರೂ ಹೊರಟರು. ಯೇವಲಾ, ವೈಜಾಪುರ ದಾಟಿ ಮಧ್ಯಾಹ್ನಕ್ಕೆ ಮುಟ್ಟಿದರು. ಬಿಸಿಲಿಗೆ ಕಾದಿದ್ದ ಕಾರ್ಯಕ್ರಮದ ಹಾಲ್‌ನಲ್ಲಿ ನಾಲ್ಕು ಗಂಟೆಗೆ ಸೌಂಡ್ ನೋಡಲು ಕೂತರು. ಸಾಯಬಣ್ಣ ಎಂದಿನಂತೆ ಅವಳ ಗಿಟಾರ್ ಇಸಿದುಕೊಂಡು ಮೇಲಿನ ಎರಡು ತಂತಿ ಇಳಿಸಿಕೊಟ್ಟರು. ಅವಳು ಬಾರಿಸಿದಳು. ಹತ್ತು ಸ್ವರ ಆಗುವಷ್ಟರಲ್ಲಿ ಧರ್ಮಣ್ಣ ಕೀಬೋರ್ಡ್ ಮೇಲಿಂದ ಕೈ ತೆಗೆದ. ಮೇಲಿನ ತಂತಿ ಇಳಿದಿವೆ, ನನ್ನ ಜೊತೆ ಕೂಡುತ್ತಿಲ್ಲ ಎಂದ. ಸಾಯಬಣ್ಣ ನಕ್ಕರು. ನಿನ್ನ ಪೆಟ್ಟಿಗೆಯೇ ಕೆಟ್ಟಿರಬೇಕು ಎಂದರು. ಧರ್ಮಣ್ಣ ನಗಲಿಲ್ಲ. ತಬಲಾದವನು, ಢೋಲಕ್‌ನವನು, ಮೈಕ್ ಕಟ್ಟುತ್ತಿದ್ದವರು ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟರು. ಮೂವತ್ತು ವರ್ಷದಲ್ಲಿ ಸಾಯಬಣ್ಣನ ಸುರ್ ತಪ್ಪು ಎಂದು ಯಾರೂ ಅಂದಿರಲಿಲ್ಲ.

ಸಾಯಬಣ್ಣ ಅವಳ ಕಡೆ ತಿರುಗಿದರು. "ನೀನೇ ಹೇಳು ಗಂಗಾ. ಸರಿ ಅದನೋ ಇಲ್ಲೋ?"

ಎಲ್ಲರ ಕಣ್ಣೂ ಅವಳ ಮೇಲೆ. ದಿನಕ್ಕೆ ಸಾವಿರ ಸಲ ಇದು ಸರಿ, ಇದು ಸರಿಯಿಲ್ಲ ಎಂದು ತೀರ್ಮಾನಿಸುವ ಹುಡುಗಿ.

"ಸರಿ ಅದ್ರಿ ಕಾಕಾ," ಎಂದಳು.

ಧರ್ಮಣ್ಣ ಅವಳನ್ನು ಒಂದು ಗಳಿಗೆ ನೋಡಿ, ಕೀಬೋರ್ಡ್ ಮೇಲೆ ಬಟ್ಟೆ ಹೊದಿಸಿ ಎದ್ದು ಹೋದ.

ಕಾರ್ಯಕ್ರಮ ಶುರುವಾಗುವ ಮೊದಲು ಅವಳು ವೇದಿಕೆಯ ಹಿಂದಿನ ಪಾತ್ರೆ ಇಡುವ ಕೋಣೆಗೆ ಹೋದಳು. ದೊಡ್ಡ ದೊಡ್ಡ ಪಾತೇಲಿಗಳ ನಡುವೆ ನಿಂತು ಟ್ಯೂನರ್ ಸಿಕ್ಕಿಸಿ ಎರಡು ತಂತಿ ಬಿಗಿದಳು. ಇದು ಕಾಕಾನ ಧುನ್, ಇದನ್ನು ನಾಲ್ಕು ನೂರು ಮಂದಿಯ ಮುಂದೆ ಹಾಳು ಮಾಡಿದರೆ ಹೆಸರು ಕೆಡುವುದು ಅವರದೇ. ಅವಳ ಲೆಕ್ಕ ಅಷ್ಟೇ ಇತ್ತು. ಅವರು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಾರೆ, ಅದು ಅವರ ಕಿವಿಗೆ ಹೇಗೆ ಕೇಳುತ್ತದೆ ಎಂಬ ಯೋಚನೆ ಅವಳಿಗೆ ಬಂದದ್ದು ವೇದಿಕೆ ಹತ್ತಿ ಗಿಟಾರ್ ಹೆಗಲಿಗೆ ಹಾಕಿಕೊಂಡ ಮೇಲೆ. ಆಗ ತಡವಾಗಿತ್ತು.

ಕೆಳಗಿನ ತಂತಿಗಳು ನಡೆಯುವವರೆಗೆ ಸಾಯಬಣ್ಣನ ತಲೆ ತೂಗುತ್ತಿತ್ತು. ಆರ್ಪೆಜಿಯೊ ಹಿಡಿದು ಅವಳು ಮೇಲೇರುತ್ತಿದ್ದಂತೆ ತೂಗುವುದು ನಿಂತಿತು. ಅವರು ಬಲಗೈ ಎತ್ತಿ ಅಂಗೈಯನ್ನು ಕೆಳಮುಖ ಮಾಡಿ ಗಾಳಿಯಲ್ಲಿ ಒತ್ತಿದರು. ಇಳಸು. ಅವಳು ಇಳಿಸಲಿಲ್ಲ. ಮತ್ತೆ ಒತ್ತಿದರು. ಅವರ ಎರಡೂ ಬದಿಗೆ ಕೂತ ಜನ ಮೈಮರೆತು ಕೇಳುತ್ತಿದ್ದರು. ಒಬ್ಬ ಮುದುಕಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸಾಯಬಣ್ಣ ಎಡಕ್ಕೆ ಆ ಮುದುಕಿಯನ್ನು ನೋಡಿದರು, ಬಲಕ್ಕೆ ನೋಡಿದರು, ಮತ್ತೆ ಅವಳನ್ನು ನೋಡಿದರು.

ಆಮೇಲೆ ಅವರು ಬಲಗಿವಿಗೆ ಬೆರಳು ಹಾಕಿದರು. ಸ್ವಲ್ಪ ಹೊತ್ತು ಹಾಗೇ ಕೂತರು. ಅದನ್ನು ತೆಗೆದು ಎಡಗಿವಿಗೆ ಹಾಕಿದರು. ಮತ್ತೆ ಬಲ. ಮತ್ತೆ ಎಡ.

ಶಿವಗಂಗಾ ಬಾರಿಸುತ್ತಲೇ ಇದ್ದಳು. ನಿಲ್ಲಿಸುವಂತಿರಲಿಲ್ಲ. ಅವರು ಒಂದೊಂದೇ ಕಿವಿ ಮುಚ್ಚಿ ಬಿಡಿಸಿ ತಮ್ಮನ್ನೇ ಪರೀಕ್ಷೆ ಮಾಡಿಕೊಳ್ಳುವುದನ್ನು ನೋಡುತ್ತ, ಅವರೇ ಕಲಿಸಿದ ಬೆರಳುಗಳಿಂದ ಅವರೇ ಕಟ್ಟಿದ ಧುನ್ ಬಾರಿಸಿದಳು. ಕೊನೆಯ ಬೆಂಡ್ ಬಂತು. ತಂತಿಯನ್ನು ಪೂರ್ತಿ ತಳ್ಳಿದಳು, ಸ್ವರ ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟಿತು. ಅವಳ ಮೂರು ವರ್ಷದ ಕಲಿಕೆಯಲ್ಲಿ ಅಷ್ಟು ಶುದ್ಧವಾಗಿ ಅದು ಎಂದೂ ಬಂದಿರಲಿಲ್ಲ. ಚಪ್ಪಾಳೆ ಶುರುವಾದಾಗ ಸಾಯಬಣ್ಣ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ನೆಲ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಧರ್ಮಣ್ಣನೇ ಊರಿನ ಒಬ್ಬ ಕಿವಿ ಡಾಕ್ಟರ ಹತ್ತಿರ ಅವರಿಬ್ಬರನ್ನೂ ಕರೆದುಕೊಂಡು ಹೋದ. ಗಾಜಿನ ಕೋಣೆಯಲ್ಲಿ ಸಾಯಬಣ್ಣನನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಕೈ ಎತ್ತಿ ಎಂದರು. ಶಿವಗಂಗಾ ಹೊರಗಿನಿಂದ ನೋಡಿದಳು. ಬಹಳ ಹೊತ್ತು ಅವರ ಕೈ ಮೇಲೆ ಹೋಗುತ್ತಲೇ ಇರಲಿಲ್ಲ.

ಡಾಕ್ಟರು ಶಾಂತ ಸ್ವಭಾವದ ಹೆಂಗಸು, ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ವರ್ಷಗಟ್ಟಲೆ ಪ್ರೆಸ್ಸಿನ ಸದ್ದಿಗೆ ಎರಡೂ ಕಿವಿಯ ಒಳಗಿನ ನರ ಸವೆದಿದೆ. ಅದರ ಮೇಲೆ ಬಲಗಿವಿಗೆ ಈಚೆಗೆ ಬೇರೆ ಪೆಟ್ಟು ಬಿದ್ದಿದೆ, ಅದಕ್ಕೇ ಒಂದೇ ಸ್ವರ ಆ ಕಿವಿಗೆ ಬೇರೆಯಾಗಿ ಕೇಳುತ್ತದೆ. ಮಶೀನು ಹಾಕಿದರೆ ಮಾತು ಕೇಳಿಸೀತು. ಸ್ವರ ಸರಿಯಾಗುವುದಿಲ್ಲ. ಎಡಗಿವಿಗೂ ಮೇಲಿನ ಸ್ವರಗಳು ಮಸುಕು; ಅದಾದರೂ ಎಷ್ಟು ದಿನ ಹೀಗೇ ಇರುತ್ತದೋ ಹೇಳಲಾಗದು.

ಶಿವಗಂಗಾ ಕೇಳಬಾರದೆಂದುಕೊಂಡೇ ಕೇಳಿದಳು: ಮೊದಲೇ ಬಂದಿದ್ದರೆ? ಡಾಕ್ಟರು ಅವಳನ್ನು ಮಗಳೆಂದು ತಿಳಿದಿದ್ದರು. ಶುರುವಾದ ಹೊಸದರಲ್ಲಿ, ಒಂದೆರಡು ವಾರದೊಳಗೆ ಬಂದರೆ ಕೆಲವರಿಗೆ ಔಷಧ ಹಿಡಿಯುತ್ತದೆ ಎಂದರು. ನಿಮ್ಮ ತಂದೆಗೆ ಹಿಡಿಯುತ್ತಿತ್ತೋ ಇಲ್ಲವೋ, ಅದನ್ನು ಈಗ ಯಾರೂ ಹೇಳಲಾರರು.

ವಾಪಸು ಬಸ್ಸಿನಲ್ಲಿ ಸಾಯಬಣ್ಣ ಕಿಟಕಿಯ ಬದಿಗೆ ಕೂತರು, ಅವಳು ಎಡಕ್ಕೆ ಕೂತಳು, ಮಾತಾಡಿದರೆ ಕೇಳಲಿ ಎಂದು. ವೈಜಾಪುರದಲ್ಲಿ ಬಸ್ ನಿಂತಾಗ ಇಳಿದು ಚಹಾ ಕುಡಿದರು. ಲೋಟ ಕೆಳಗಿಟ್ಟು ಅವರು ಕೇಳಿದರು.

"ಯಾವಾಗಿಂದ ಗೊತ್ತಿತ್ತು ನಿನಗ?"

"ದೀಪಾವಳಿ ಆದ ಮ್ಯಾಲ್ರಿ."

ಅವರು ಬೆರಳು ಮಡಚಿ ತಿಂಗಳು ಎಣಿಸಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು. "ಅಷ್ಟು ಮಂದಿ ಮುಂದ ನಿನ್ನ ಕೇಳಿದ್ದೆ," ಎಂದರು, ಅಷ್ಟೇ. ಕಂಡಕ್ಟರ್ ಸೀಟಿ ಊದಿದ. ಇಬ್ಬರೂ ಹತ್ತಿದರು.

ಕಮಲಾಬಾಯಿಗೆ ವಿಷಯ ಹೇಳಿದ್ದು ಶಿವಗಂಗಾಳೇ. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೇಳಿದರು. ನಾ ಟಿವಿ ಕೆಟ್ಟದ ಅಂತ ಮೆಕ್ಯಾನಿಕ್‌ನ ಕರಸಿದ್ದೆನವ್ವಾ ಎಂದರು. ಆಮೇಲೆ ಬಹಳ ಹೊತ್ತು ಅವಳ ಕೈ ಹಿಡಿದುಕೊಂಡೇ ಕೂತಿದ್ದರು. ನಿನ್ನ ತಪ್ಪಿಲ್ಲ ಎಂದು ಆಕೆ ಹೇಳಿಯಾರು ಎಂದು ಶಿವಗಂಗಾ ಕಾದಳು. ಆಕೆ ಹಾಗೆ ಹೇಳಲಿಲ್ಲ.

ಪಾಠ ನಿಲ್ಲಲಿಲ್ಲ. ಬುಧವಾರ ಶನಿವಾರ ಅವಳು ಹೋಗುತ್ತಲೇ ಇದ್ದಳು. ಸಾಯಬಣ್ಣ ಈಗ ಬೆರಳು ನೋಡಿ ಕಲಿಸುತ್ತಿದ್ದರು. ಮಣಿಕಟ್ಟು ಸಡಿಲ ಬಿಡು ಎನ್ನುತ್ತಿದ್ದರು, ಮೀಟುವ ಪಿಕ್ ವಾರೆಯಾಗಿ ಹಿಡಿ ಎನ್ನುತ್ತಿದ್ದರು. ಸ್ವರದ ಬಗ್ಗೆ ಒಂದು ಮಾತಿಲ್ಲ. ಅವಳು ಬೇಕೆಂದೇ ಒಂದು ಸಲ ತಪ್ಪು ಬೆಂಡ್ ಬಾರಿಸಿದಳು, ಏನಾದರೂ ಅನ್ನಲಿ ಎಂದು. ಅವರು ಸುಮ್ಮನೆ ಮುಂದಿನ ಪಾಠಕ್ಕೆ ಹೋದರು. ತಾನು ಮಾಡಿದ್ದು ನೆನೆದು ಅವಳಿಗೆ ನಾಚಿಕೆಯಾಯಿತು.

ಮಳೆಗಾಲ ಹಿಡಿದ ಮೇಲೆ ಒಂದು ಶನಿವಾರ ಅವಳು ಹೋದಾಗ ಸಾಯಬಣ್ಣ ತಮ್ಮದೇ ಹಳೆಯ ಗಿಟಾರ್ ತೊಡೆಯ ಮೇಲಿಟ್ಟುಕೊಂಡಿದ್ದರು. ಎಷ್ಟೋ ತಿಂಗಳ ಮೇಲೆ ಅದನ್ನು ಹೊರತೆಗೆದಿದ್ದರು. ಟ್ಯೂನರ್ ಹಾಕಿ ಶ್ರುತಿ ಮಾಡಿಕೊಡು ಎಂದು ಅವರೇ ಕೇಳಿದರು. ಅವಳು ಆರೂ ತಂತಿಗೆ ಹಸಿರು ಹತ್ತಿಸಿ ಕೊಟ್ಟಳು. ಅವರು ಮೊದಲಿಂದ ಶುರು ಮಾಡಿದರು. ಗಂಟು ಬಿಗಿದ ಬೆರಳುಗಳು ನಿಧಾನವಾಗಿ, ಆದರೆ ಒಂದು ಜಾಗವನ್ನೂ ತಪ್ಪದೆ, ಸ್ಕೇಲ್ ದಾಟಿ ಆರ್ಪೆಜಿಯೊ ಏರಿ ಮೇಲೆ ಹೋದವು. ಕೊನೆಗೆ ತಂತಿಯನ್ನು ಎಳೆದರು. ಕಿವಿಯ ನೆರವಿಲ್ಲದೆ, ಮೂವತ್ತು ವರ್ಷ ಎಷ್ಟು ತಳ್ಳಿ ರೂಢಿಯೋ ಅಷ್ಟೇ ತಳ್ಳಿದರು. ಸ್ವರ ಹೋಗಿ ಸರಿಯಾದ ಕಡೆ ನಿಂತಿತು. ಶಿವಗಂಗಾಳ ಮೈ ಜುಂ ಎಂದಿತು. ಸಾಯಬಣ್ಣನ ಮುಖ ಮಾತ್ರ ಹುಳಿ ತಿಂದವರ ಹಾಗೆ ಕಿವುಚಿತ್ತು.

"ಸರಿ ಬಂತೇನು?"

"ಸರಿ ಬಂತ್ರಿ ಕಾಕಾ. ಪೂರಾ ಸರಿ ಬಂತು."

ಅವರು ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಕಣ್ಣು, ಬಾಯಿ, ಮತ್ತೆ ಕಣ್ಣು. ಅವರು ಏನು ಹುಡುಕುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಐದು ತಿಂಗಳು ಇದೇ ಮುಖ ಹೊತ್ತು, ಇದೇ ದನಿಯಲ್ಲಿ, ಇದೇ ಮಾತನ್ನು ಅವಳು ಹೇಳಿದ್ದಳು. ಈಗ ನಿಜ ಹೇಳಲು ಅವಳ ಹತ್ತಿರ ಬೇರೆ ಮುಖವಿರಲಿಲ್ಲ, ಬೇರೆ ದನಿಯೂ ಇರಲಿಲ್ಲ. ಟ್ಯೂನರಿನ ದೀಪ ತೋರಿಸಲೇ ಎಂದು ಕೇಳಿದಳು. ಅವರು ಬೇಡವೆಂದು ತಲೆಯಾಡಿಸಿದರು.

"ಹಸಿರು ಹತ್ತಿದ್ದು ಕಾಣ್ತದ," ಎಂದರು. "ಕಂಡು ಏನು ಮಾಡ್ಲಿ?"

ಮತ್ತೆ ಒಂದು ಸಲ ಬಾರಿಸಿದರು. ಮತ್ತೆ ಸರಿಯಾಗಿಯೇ ಬಂತು. ಈ ಸಲ ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕಮಲಾಬಾಯಿ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿ ಒಳಗೆ ಹೋದರು. ಸಾಯಬಣ್ಣ ಬೆರಳುಗಳನ್ನು ಒಂದೊಂದಾಗಿ ನೀವಿಕೊಂಡು, ಕೆಳಗಿನ ತಂತಿಯಿಂದ ಮೂರನೇ ಸಲ ಶುರು ಮಾಡಿದರು.